ಹಡಗು ನಿಂತ ದಿನ

ಕಡಲಂಚಿನ ಆ ಊರಿನಲ್ಲಿ ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಂದು ಸಲ ಬಿಳಿ ಹಡಗಿನ ಪಯಣ ಒದಗುತ್ತಿತ್ತು. ಏಳು ದಿನದ ಪಯಣ. ವ್ಯಾಪಾರಕ್ಕಲ್ಲ, ಯಾತ್ರೆಗಲ್ಲ, ಸುಮ್ಮನೆ ಹೋಗಿ, ನೀರಿನ ಮೇಲೆ ಇದ್ದು, ಮರಳಿ ಬರುವುದಕ್ಕೆ. ಇಬ್ಬಿಬ್ಬರಾಗಿ ಹೋಗಬೇಕು. ಗಂಡ ಹೆಂಡತಿಯೋ, ಅಕ್ಕ ತಂಗಿಯೋ, ಜೀವದ ಗೆಳೆಯರೋ, ಯಾರಾದರೂ ಸರಿ, ಇಬ್ಬರು. ಮರಳಿ ಬಂದ ಜೋಡಿಗೆ ಹಡಗು ಕಟ್ಟುವ ಧಕ್ಕೆಯ ಮೇಲೆ ಒಂದು ಹಗ್ಗ ಸಿಗುತ್ತಿತ್ತು. ಹಗ್ಗಕ್ಕೆ ಏಳು ಗಂಟು, ದಿನಕ್ಕೊಂದರಂತೆ.

ವರ್ಷಕ್ಕೊಮ್ಮೆ, ಹಡಗು ಮರಳಿದ ದಿನದಂದು, ಆ ಪಯಣದವರೆಲ್ಲ ತಮ್ಮ ಹಗ್ಗ ಹಿಡಿದು ಧಕ್ಕೆಯ ಕಟ್ಟೆಗೆ ಬರುತ್ತಿದ್ದರು. ಗಂಟುಗಾರ ಒಂದೊಂದೇ ಗಂಟು ಬಿಚ್ಚಿ, "ಈ ದಿನ ಹೇಗಿತ್ತು?" ಎಂದು ಕೇಳುತ್ತಿದ್ದ. ಇಬ್ಬರೂ ಹೇಳಬೇಕು. ಇಬ್ಬರ ಮಾತು ಕೂಡಿದರೆ ಗಂಟು ಮತ್ತೆ ಬೀಳುತ್ತಿತ್ತು. ಕೂಡದಿದ್ದರೆ, ಇಲ್ಲವೇ ಹೇಳಲು ಒಬ್ಬರೇ ಉಳಿದಿದ್ದರೆ, ಅಷ್ಟು ಹಗ್ಗವನ್ನು ಕತ್ತರಿಸಿ ನೀರಿಗೆ ಹಾಕುತ್ತಿದ್ದ. ಆಮೇಲೆ ಆ ದಿನ ಇರಲೇ ಇಲ್ಲ. ಅದರ ಮಾತು ತೆಗೆದರೆ ಊರಿನವರು ಮೆಲ್ಲಗೆ ನಕ್ಕು, "ಇಲ್ಲ, ನೀನು ಎಲ್ಲೋ ಕನಸು ಕಂಡಿದ್ದೀ" ಅನ್ನುತ್ತಿದ್ದರು. ಹೆತ್ತವರೂ ಹಾಗೇ ಅನ್ನುತ್ತಿದ್ದರು, ಮಕ್ಕಳೂ ಹಾಗೇ ಅನ್ನುತ್ತಿದ್ದರು. ಊರು ಒಪ್ಪದ್ದನ್ನು ಮನಸ್ಸೊಂದೇ ಎಷ್ಟು ಕಾಲ ಒಪ್ಪೀತು? ಒಂದು ಮಳೆಗಾಲ, ಎರಡು ಮಳೆಗಾಲ. ಆಮೇಲೆ ಅದೂ, "ಹೌದೇನೋ, ಕನಸೇ ಇರಬೇಕು" ಅನ್ನುತ್ತಿತ್ತು.

ಇಬ್ಬರು ಹೇಳಿದ್ದು ಉಂಟು, ಒಬ್ಬರು ಹೇಳಿದ್ದು ಇಲ್ಲ. ಇದು ಆ ಊರಿನ ಮಾತು. ಮಕ್ಕಳಿಗೆ ಅ ಆ ಇ ಈ ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದರು.

ಆ ಊರಿನಲ್ಲಿ ಹಾಯಿ ಹೊಲಿಯುವವಳೊಬ್ಬಳಿದ್ದಳು. ಅವಳ ಗಂಡ ಬಾವಿ ತೋಡುವವನು. ಮದುವೆಯಾದ ವರ್ಷವೇ ಅವರಿಗೆ ಪಯಣ ಬಂದಿತ್ತು. ಆಮೇಲೆ ಮೂವತ್ತು ಸಲ ಇಬ್ಬರೂ ಹಗ್ಗ ಹಿಡಿದು ಕಟ್ಟೆಗೆ ಹೋಗಿದ್ದರು, ಮೂವತ್ತು ಸಲ ಏಳೂ ಗಂಟು ಹಾಕಿಸಿಕೊಂಡು ಬಂದಿದ್ದರು. ಮೂವತ್ತೊಂದನೆಯ ವರ್ಷದ ಮಳೆ ಮುಗಿಯುವ ಹೊತ್ತಿಗೆ ಗಂಡನಿಗೆ ಜ್ವರ ಬಂತು. ಒಂಬತ್ತನೆಯ ದಿನ ಅವನು ಹೋದ.

ಹದಿಮೂರು ದಿನದ ಕಾರ್ಯ ಮುಗಿದ ಮೇಲೆ ಅವಳು ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆರು ಗಂಟುಗಳ ಮೇಲೆ ಬೆರಳು ಸುಮ್ಮನೆ ಸರಿದುಹೋಗುತ್ತಿತ್ತು. ನಾಲ್ಕನೆಯದರ ಮೇಲೆ ನಿಲ್ಲುತ್ತಿತ್ತು.

ನಾಲ್ಕನೆಯದು ಹಡಗು ನಿಂತ ದಿನ. ಮೊದಲ ಮೂರು ದಿನ ಓಡಿದ ಹಡಗು ಆ ಬೆಳಿಗ್ಗೆ ನಡುಗಡಲಿನಲ್ಲಿ ನಿಂತುಬಿಟ್ಟಿತ್ತು. "ಕಡಲು ನಿಮಗೋಸ್ಕರ ನಿಂತಿದೆ, ಇವತ್ತು ಹಬ್ಬ ಮಾಡಿ" ಎಂದು ಹಡಗು ನಡೆಸುವ ತಂಡೇಲ ಸಾರಿದ್ದ. ಡೋಲು ಬಡಿದರು. ಸಿಹಿಗೆ ಹಾಲುಬಾಯಿ ಮಾಡಿ ಬಾಳೆಲೆಯಲ್ಲಿ ಹಂಚಿದರು. ನೀರು ಎಣ್ಣೆ ಸವರಿದ ಕಲ್ಲಿನಂತೆ ಹೊಳೆಯುತ್ತಿತ್ತು. ಅವಳ ಗಂಡ, ಮೂರು ದಿನ ಅವಳ ಮುಖ ನೋಡಿ ಮಾತಾಡಲೂ ನಾಚುತ್ತಿದ್ದವನು, ಆ ದಿನ ಓಡುತ್ತ ಬಂದು ಅವಳ ಕೈ ಹಿಡಿದ. ಹಡಗಿನ ಬಲಮಗ್ಗುಲಿಗೆ, ನೆರಳಿಗೆ ಕರೆದೊಯ್ದು ಕೂರಿಸಿದ. ಒಂದು ದೊಡ್ಡ ಚಕ್ಕೋತ ತಂದು ತೊಳೆ ತೊಳೆಯಾಗಿ ಬಿಡಿಸಿ, ಪೊರೆ ಸುಲಿದು, ಒಂದೊಂದನ್ನೇ ಅವಳ ಅಂಗೈಯಲ್ಲಿಟ್ಟ. ತನ್ನ ತಲೆಯ ಮುಂಡಾಸು ಬಿಚ್ಚಿ ಅವಳ ಕಿವಿಗೆ ಸುತ್ತಿ, "ಗಾಳಿ ಹೊಡೆದರೆ ಕಿವಿನೋವು ಬರುತ್ತೆ" ಅಂದ. ಸಂಜೆಯವರೆಗೂ ಮಾತಾಡಿದ. ತನ್ನ ತಾಯಿಯ ಬಗ್ಗೆ, ಮಣ್ಣಿನ ಅಡಿಯಲ್ಲಿ ನೀರಿನ ಸದ್ದು ಕೇಳುವುದು ಹೇಗೆಂಬುದರ ಬಗ್ಗೆ, ಹುಟ್ಟಲಿರುವ ಮಕ್ಕಳ ಬಗ್ಗೆ. ಅವಳನ್ನು ಒಂದು ಗಳಿಗೆಯೂ ಏಳಗೊಡಲಿಲ್ಲ. ಯಾರಾದರೂ ತನ್ನನ್ನು ಇಷ್ಟೊಂದು ಬಯಸಿಯಾರು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಕ್ಕಳು ಹುಟ್ಟಲಿಲ್ಲ. ಎಷ್ಟೋ ಹಾಯಿಗಳನ್ನು ಅವಳು ಹೊಲಿದಳು, ಎಷ್ಟೋ ಬಾವಿಗಳನ್ನು ಅವನು ತೋಡಿದ. ಆದರೆ ಕಷ್ಟ ಬಂದಾಗಲೆಲ್ಲ ಅವಳು ಮನಸ್ಸಿನಲ್ಲೇ ಹೋಗಿ ಆ ನೆರಳಿನಲ್ಲಿ ಕೂತು ಬರುತ್ತಿದ್ದಳು. ಕಟ್ಟೆಯ ಮೇಲೆ ನಾಲ್ಕನೆಯ ಗಂಟು ಬಿಚ್ಚಿದಾಗ ಗಂಡ ಯಾವಾಗಲೂ, "ನೀನೇ ಮೊದಲು ಹೇಳು" ಅನ್ನುತ್ತಿದ್ದ. ಅವಳು ಹೇಳಿದ್ದನ್ನೇ ಅಕ್ಷರ ತಪ್ಪದೆ ತಾನೂ ಹೇಳುತ್ತಿದ್ದ. ಅದನ್ನೂ ಅವಳು ಪ್ರೀತಿ ಎಂದೇ ತಿಳಿದಿದ್ದಳು.

ಅವಳು ಗಂಟುಗಾರನ ಮನೆಗೆ ಹೋದಳು. ಅವನು ತುಂಬ ಮುದುಕ. ಬೆರಳುಗಳು ಹಗ್ಗದ ಹಾಗೇ ಹುರಿಗೊಂಡಿದ್ದವು.

"ಅಜ್ಜಾ, ನನ್ನ ಜೊತೆ ಹೇಳುವವರು ಇಲ್ಲ. ಏನು ಮಾಡಲಿ?"

"ಅದೇ ಪಯಣದವರು ಯಾರಾದರೂ ನಿನ್ನ ಹಗ್ಗ ಹಿಡಿಯಬಹುದಮ್ಮಾ. ಆದರೆ ಒಂದು ಕೈ ಒಂದೇ ಹಗ್ಗಕ್ಕೆ. ಈಗಾಗಲೇ ಒಂದು ಹಗ್ಗ ಹಿಡಿದ ಕೈ ಇನ್ನೊಂದನ್ನು ಹಿಡಿಯುವ ಹಾಗಿಲ್ಲ."

"ನಮ್ಮ ಪಯಣದಲ್ಲಿ ಜೋಡಿ ಇಲ್ಲದವರು ಯಾರಿದ್ದಾರೆ?"

ಮುದುಕ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ. "ಒಬ್ಬಳಿದ್ದಾಳೆ," ಎಂದ ಕೊನೆಗೆ. "ಊರಿನ ಗಡಿ ದಾಟಿ, ಉಪ್ಪಿನ ಗದ್ದೆಗಳ ಆಚೆ. ಉಪ್ಪು ಬಾಚಿ ಬದುಕುತ್ತಾಳೆ. ಆದರೆ ಹೋಗಬೇಡ ಅಂತಲೇ ನನ್ನ ಮಾತು. ಹಗ್ಗ ಹೋದರೆ ಹೋಯಿತು. ಎರಡು ಮಳೆಗಾಲ ಕಳೆದರೆ ನೋವೂ ಇರುವುದಿಲ್ಲ."

ಅವಳು ಮರುದಿನವೇ ಹೊರಟಳು.

ಉಪ್ಪಿನ ಗದ್ದೆಯ ಬದುವಿನ ಮೇಲೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಎಡಕ್ಕೂ ಬಿಳುಪು, ಬಲಕ್ಕೂ ಬಿಳುಪು. ಗಡಿಕಲ್ಲು ದಾಟಿ ಇನ್ನೂ ಅರ್ಧ ಹರಿದಾರಿ ನಡೆದ ಮೇಲೆ ತೆಂಗಿನ ಮಡಲು ಹೊದಿಸಿದ ಒಂದು ಗುಡಿಸಲು ಕಂಡಿತು. ಅದರ ಮುಂದೆ ಒಂದು ಬಾವಿ. ಉಪ್ಪಿನ ನೆಲದಲ್ಲಿ ಬಾವಿಯೇ ಎಂದು ಅವಳು ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು. ಒಳಗೋಡೆಗೆ ಒಂದರ ಬೆನ್ನಿಗೆ ಒಂದು ಓರೆಯಾಗಿ ಕೂರಿಸಿದ ಕಲ್ಲುಗಳು, ಮೂರು ಸಾಲಿಗೊಮ್ಮೆ ಕಾಲಿಡಲು ಒಂದು ಹೊರಚಾಚು. ಹಾಗೆ ಕಲ್ಲು ಕೂರಿಸುತ್ತಿದ್ದವನು ಆ ಸೀಮೆಗೆಲ್ಲ ಒಬ್ಬನೇ.

"ಸಿಹಿನೀರು, ಕುಡಿ," ಎಂದಿತು ಹಿಂದಿನಿಂದ ಒಂದು ದನಿ. "ನೀನು ಬಾವಿ ತೋಡುವವನ ಹೆಂಡತಿ. ಅವನು ಹೋದ ಸುದ್ದಿ ತಿಳಿಯಿತು."

ಉಪ್ಪಿನವಳು ಇವಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಕಾಲು ಮೊಣಕಾಲಿನವರೆಗೆ ಬಿಳಿಚಿಕೊಂಡು ಬಿರುಕು ಬಿಟ್ಟಿತ್ತು. ಮಾತಿನಲ್ಲಿ ಸಿಟ್ಟಿರಲಿಲ್ಲ, ಆದರವೂ ಇರಲಿಲ್ಲ.

"ಅವರು ಇಲ್ಲಿಗೆ ಬರುತ್ತಿದ್ದರೇ?"

"ಒಂದು ಸಲ ಬಂದಿದ್ದ. ನಲವತ್ತು ದಿನ ಇದ್ದು ಇದನ್ನು ತೋಡಿದ. ಕಡಲಾಚೆ ಊರಿಗೆ ಕೆಲಸಕ್ಕೆ ಹೋಗುತ್ತೇನೆ ಅಂತ ನಿನಗೆ ಹೇಳಿದ್ದನಂತೆ. ಏನೂ ತೆಗೆದುಕೊಳ್ಳಲಿಲ್ಲ, ಬೇರೆ ಏನೂ ಮಾತಾಡಲೂ ಇಲ್ಲ. ನೀರು ಬಂದ ದಿನ ಒಂದು ಬೊಗಸೆ ನನ್ನ ಕೈಗೆ ಹಾಕಿ ಹೋದ."

ಹಾಯಿ ಹೊಲಿಯುವವಳು ಕೂತುಬಿಟ್ಟಳು. ಬಂದ ಕೆಲಸವನ್ನು ಹೇಳಿದಳು. ಹಗ್ಗ ತೋರಿಸಿದಳು. ನಾಲ್ಕನೆಯ ದಿನದ ಬಗ್ಗೆ ಹೇಳುವಾಗ, ಬೇಡವೆಂದರೂ, ಅವಳ ಮುಖದ ಮೇಲೆ ಒಂದು ಬೆಳಕು ಬಂತು. ಡೋಲು, ಹಾಲುಬಾಯಿ, ಚಕ್ಕೋತ, ಕಿವಿಗೆ ಸುತ್ತಿದ ಮುಂಡಾಸು.

ಉಪ್ಪಿನವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಆ ದಿನ ಗಾಳಿ ಇತ್ತೇನೇ?" ಎಂದು ಕೇಳಿದಳು.

"ಗಾಳಿ..." ಎಂದು ಇವಳು ನೆನೆದಳು. ಎಣ್ಣೆ ಸವರಿದ ಕಲ್ಲಿನಂಥ ನೀರು. ಒಂದು ಎಲೆಯೂ ಅಲುಗದಂಥ ದಿನ. "ಇರಲಿಲ್ಲ."

"ಇರಲಿಲ್ಲ. ಮತ್ತೆ ಕಿವಿ ಯಾಕೆ ಮುಚ್ಚಿದ?"

ಉಪ್ಪಿನವಳು ಕೈಯಲ್ಲಿದ್ದ ಬಾಚುಹಲಗೆಯನ್ನು ನೆಲಕ್ಕಿಟ್ಟಳು.

"ನಾನು ನನ್ನ ತಮ್ಮನ ಜೊತೆ ಬಂದಿದ್ದೆ. ಆ ಬೆಳಿಗ್ಗೆ ಅವನು ಹಡಗಿನ ಕೆಳಗಿನ ಮೆಟ್ಟಿಲಿಗೆ ಇಳಿದು, ಬಗ್ಗಿ ನೀರು ಮುಟ್ಟಲು ಹೋದ. ಜಾರಿದ. ಹಡಗು ಅದಕ್ಕೇ ನಿಂತದ್ದು. ಎರಡು ಸಣ್ಣ ದೋಣಿ ಇಳಿಸಿದರು, ಸಂಜೆವರೆಗೆ ಹುಡುಕಿದರು, ಎಡಮಗ್ಗುಲಿಗೆ. ನಾನು ಕೂಗುತ್ತಿದ್ದೆ. ಅಷ್ಟು ಜನರ ಹಬ್ಬ ಕೆಡಿಸಬೇಡ ಅಂದರು. ಕೆಳಗೆ ಅಡಿಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿದರು. ನನ್ನ ಕೂಗು ಜೋರಾದಾಗಲೆಲ್ಲ ಮೇಲೆ ಡೋಲೂ ಜೋರಾಗುತ್ತಿತ್ತು."

"ನನಗೆ ಗೊತ್ತಿರಲಿಲ್ಲ," ಎಂದಳು ಹಾಯಿ ಹೊಲಿಯುವವಳು. "ಅವರಿಗೂ ಗೊತ್ತಿರಲಿಕ್ಕಿಲ್ಲ."

"ಅವನು ಅಲ್ಲೇ ಇದ್ದ. ಮೊದಲು ನೋಡಿದವನೇ ಅವನು. ನಾನು ಅವನ ಕೈ ಹಿಡಿದು ಕೇಳಿದೆ: ಅಣ್ಣಾ, ನೀನು ಬಾವಿಗೆ ಇಳಿಯುವವನು, ಮುಳುಗು ಹಾಕಿ ಗೊತ್ತಿದ್ದವನು, ದೋಣಿಯವರಿಗೆ ಹುಟ್ಟು ಹಾಕುವುದಷ್ಟೇ ಗೊತ್ತು, ಒಂದು ಸಲ ಇಳಿ ಅಂತ. 'ನನ್ನ ಹೆಂಡತಿ ಒಬ್ಬಳೇ ಇದ್ದಾಳೆ' ಅಂದ. ಕೈ ಬಿಡಿಸಿಕೊಂಡು ಓಡಿದ."

ಬದುವಿನ ಮೇಲೆ ಒಂದು ಬಿಳಿ ಹಕ್ಕಿ ಇಳಿದು, ನಡೆದು, ಎದ್ದು ಹೋಯಿತು.

"ಮೊದಲ ವರ್ಷ, ನೀವೆಲ್ಲ ಗಂಟು ಹಾಕಿಸಿಕೊಂಡು ಮನೆಗೆ ಹೋದ ಮೇಲೆ, ಕಟ್ಟೆಯಲ್ಲಿ ನಾನು ಒಬ್ಬಳೇ ನಿಂತೆ," ಎಂದಳು ಉಪ್ಪಿನವಳು. "ಒಬ್ಬಳೇ ಹೇಳಿದೆ. ಪೂರಾ ಹಗ್ಗ ಕತ್ತರಿಸಿದರು. ಆಮೇಲೆ ಊರಿನವರು, ನಿನಗೆ ತಮ್ಮನೇ ಇರಲಿಲ್ಲ ಅಂದರು. ನನ್ನ ತಾಯಿಯೂ ಅಂದಳು. ಹಾಗೆ ಅಂದರೆ ಅವಳಿಗೆ ಬದುಕುವುದು ಸುಲಭವಾಗುತ್ತಿತ್ತು. ಇನ್ನೂ ಸ್ವಲ್ಪ ದಿನ ಅಲ್ಲೇ ಇದ್ದರೆ ನಾನೂ ಅನ್ನುತ್ತೇನೆ ಅಂತ ಹೆದರಿಕೆಯಾಯಿತು. ಗಡಿ ದಾಟಿ ಬಂದೆ."

ಹಾಯಿ ಹೊಲಿಯುವವಳು ಹಗ್ಗವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನಾನು ಬರುತ್ತೇನೆ," ಎಂದಳು ಉಪ್ಪಿನವಳು ಬೆನ್ನ ಹಿಂದಿನಿಂದ. "ಇಷ್ಟು ವರ್ಷ ಅವನ ನೀರು ಕುಡಿದಿದ್ದೇನೆ. ನೀನು ಹೇಳಿದ್ದನ್ನೇ ಆರು ದಿನವೂ ಹೇಳುತ್ತೇನೆ. ನಾಲ್ಕನೆಯ ದಿನಕ್ಕೆ ಮಾತ್ರ ನಿನ್ನ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಆಮೇಲೆ ನಿನ್ನಿಷ್ಟ. ಹಗ್ಗ ನಿನ್ನದು."

ಹಡಗು ಮರಳಿದ ದಿನ ಬರಲು ಇನ್ನೂ ಎರಡು ತಿಂಗಳಿತ್ತು. ಆ ಎರಡು ತಿಂಗಳು ಅವಳು ಹೊಲಿದ ಹಾಯಿಗಳ ಹೊಲಿಗೆಯೆಲ್ಲ ಸೊಟ್ಟ. ಮೊದಮೊದಲು ಅವಳಿಗೆ ಉಪ್ಪಿನವಳ ಮೇಲೆ ಸಿಟ್ಟು ಬಂತು. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡಳು. ಆದರೆ ಬಾವಿಯ ಕಲ್ಲುಗಳು ಸುಳ್ಳು ಹೇಳುವುದಿಲ್ಲ. ಆಮೇಲೆ ಗಂಡನ ಮೇಲೆ ಸಿಟ್ಟು ಬಂತು. ನಿನಗೆ ಅಂಜಿಕೆಯಿತ್ತೇ, ಇಲ್ಲಾ ನನ್ನ ಮೇಲಿನ ಪ್ರೀತಿಯೇ ಅಷ್ಟಿತ್ತೇ ಎಂದು ಅವನ ಖಾಲಿ ಚಾಪೆಯನ್ನು ಕೇಳಿದಳು. ಎರಡೂ ಇತ್ತೇನೋ. ಎರಡನ್ನೂ ಬೇರ್ಪಡಿಸಲಾಗದೆ ಅವನು ಮೂವತ್ತು ವರ್ಷ ಅವಳ ಮಾತನ್ನೇ ತನ್ನ ಮಾತೆಂದು ಹೇಳಿ ಬದುಕಿದನೇನೋ. ಅವಳು ಮತ್ತೆ ಮತ್ತೆ ಆ ನೆರಳಿಗೆ ಹೋಗಿ ಕೂತಳು. ಚಕ್ಕೋತದ ತೊಳೆ ಅಂಗೈಗೆ ಬೀಳುತ್ತಿತ್ತು, ಮುಂಡಾಸಿನ ಬಟ್ಟೆ ಕಿವಿಗೆ ಬೆಚ್ಚಗೆ ತಾಗುತ್ತಿತ್ತು. ಅದರಾಚೆ ಈಗ ಒಂದು ಹೆಣ್ಣುದನಿ ಇತ್ತು. ಬಟ್ಟೆ ಎಷ್ಟು ಬಿಗಿದರೂ ಅದು ನಿಲ್ಲುತ್ತಿರಲಿಲ್ಲ.

ಕತ್ತರಿಸಿ ಹಾಕಲಿ, ಆ ದಿನವೇ ಬೇಡ ಎಂದು ಒಂದು ಮನಸ್ಸು ಹೇಳಿತು. ಕತ್ತರಿಸಿದರೆ ತನ್ನನ್ನು ಅಷ್ಟೊಂದು ಬಯಸಿದ ಒಬ್ಬ ಗಂಡಸೂ ಇರಲಿಲ್ಲ ಎಂದಾಗುತ್ತಿತ್ತು. ಆ ನೀರಿಗೆ ಬಿದ್ದವನೂ ಇರಲಿಲ್ಲ ಎಂದಾಗುತ್ತಿತ್ತು, ಎರಡನೆಯ ಸಲ.

ಆ ದಿನ ಬಂತು. ಬೆಳಗಿನ ಬಿಸಿಲಿನಲ್ಲಿ ಇಪ್ಪತ್ತಮೂರು ಜೋಡಿ ಹೊಸ ಬಟ್ಟೆಯುಟ್ಟು ಕಟ್ಟೆಯ ಸುತ್ತ ಸೇರಿದರು. ಊರಿಗೆ ಊರೇ ನೋಡಲು ಬಂದಿತ್ತು, ಏಕೆಂದರೆ ಅದು ಊರಿನ ಮೆಚ್ಚಿನ ಪಯಣ. ಬೇರೆ ಪಯಣದವರು, "ನಮಗೆ ಕಡಲು ನಿಲ್ಲಲಿಲ್ಲವಲ್ಲ" ಎಂದು ಕರುಬುತ್ತಿದ್ದರು. ಜೋಡಿಗಳು ಒಂದಾದ ಮೇಲೊಂದು ಕಟ್ಟೆಯೇರಿದವು. ಪ್ರತಿ ಹಗ್ಗದ ನಾಲ್ಕನೆಯ ಗಂಟಿಗೂ, "ಕಡಲು ನಮಗಾಗಿ ನಿಂತ ದಿನ, ನಾವು ಹಬ್ಬ ಮಾಡಿದ ದಿನ" ಎಂದವು. ಇಪ್ಪತ್ತಮೂರು ಸಲ ಗಂಟು ಬಿತ್ತು.

ಹಾಯಿ ಹೊಲಿಯುವವಳು ಕೊನೆಗೆ ಏರಿದಳು. ಅವಳ ಪಕ್ಕದಲ್ಲಿ ಬಿಳಿ ಕಾಲಿನ ಹೆಂಗಸನ್ನು ಕಂಡು ಜನ ಪಿಸುಗುಟ್ಟಿದರು. ಮೊದಲ ಮೂರು ದಿನ ಸಲೀಸಾಗಿ ಹೋಯಿತು. ಗಂಟುಗಾರ ನಾಲ್ಕನೆಯದನ್ನು ಬಿಚ್ಚಿದ.

"ಈ ದಿನ ಹೇಗಿತ್ತು?"

ಅವಳು ಉಪ್ಪಿನವಳ ಮುಖ ನೋಡಲಿಲ್ಲ. ಹಗ್ಗವನ್ನೇ ನೋಡುತ್ತ ಹೇಳಿದಳು.

"ಈ ದಿನ ಬೆಳಿಗ್ಗೆ ಒಬ್ಬ ಮನುಷ್ಯ ನೀರಿಗೆ ಬಿದ್ದ. ಹಡಗು ಅದಕ್ಕೇ ನಿಂತಿತು. ಅವನ ಅಕ್ಕ ಕೂಗಿದಳು, ಆ ಕೂಗು ಕೇಳಬಾರದು ಅಂತ ಡೋಲು ಬಡಿದರು. ನನ್ನ ಗಂಡನನ್ನು ನೀರಿಗೆ ಇಳಿ ಅಂತ ಬೇಡಿಕೊಂಡರು. ಅವನು ಇಳಿಯಲಿಲ್ಲ. ಬಂದು ನನ್ನ ಪಕ್ಕ ಕೂತ, ನನ್ನ ಕಿವಿ ಮುಚ್ಚಿದ, ನನಗೆ ಹಣ್ಣು ಸುಲಿದು ಕೊಟ್ಟ."

ಅಷ್ಟು ಹೇಳಿ ನಿಂತಳು. ಮುಗಿಯಿತೆಂದು ಎಲ್ಲರೂ ಅಂದುಕೊಂಡಾಗ ಮತ್ತೆ ಬಾಯಿ ತೆರೆದಳು.

"ಆ ದಿನ ನಾನು ಸುಖವಾಗಿದ್ದೆ. ಅಷ್ಟು ಸುಖ ಮತ್ತೆ ಯಾವತ್ತೂ ಸಿಗಲಿಲ್ಲ. ಅದೂ ನಿಜ."

ಈಗ ಉಪ್ಪಿನವಳು ಹೇಳಬೇಕಿತ್ತು. ಅವಳು ಒಂದೊಂದಾಗಿ ಹೇಳಿದಳು. ಮನುಷ್ಯ ಬಿದ್ದದ್ದು, ಅಕ್ಕ ಕೂಗಿದ್ದು, ಡೋಲು, ಇಳಿಯದ ಗಂಡ, ಮುಚ್ಚಿದ ಕಿವಿ, ಸುಲಿದ ಹಣ್ಣು. ಕೊನೆಯ ಮಾತಿಗೆ ಬಂದಾಗ ಅವಳ ದವಡೆ ಬಿಗಿಯಿತು. ಕಡಲಿನ ಕಡೆ ತಿರುಗಿದಳು. ಗಂಟುಗಾರ ಕತ್ತಿಯ ಕಡೆ ಕೈ ಚಾಚಿದ.

"ಇವಳು ಸುಖವಾಗಿದ್ದಳು," ಎಂದಳು ಉಪ್ಪಿನವಳು. "ಅದೂ ನಿಜ."

ಗಂಟುಗಾರನ ಕೈ ಕತ್ತಿಯ ಹತ್ತಿರ ಹಾಗೇ ನಿಂತಿತ್ತು. "ಅಮ್ಮಾ," ಎಂದ ತಗ್ಗಿದ ದನಿಯಲ್ಲಿ, "ಇನ್ನೊಂದು ಸಲ ಯೋಚನೆ ಮಾಡು. ಇದೇ ದಿನಕ್ಕೆ ಈಗಷ್ಟೇ ಇಪ್ಪತ್ತಮೂರು ಗಂಟು ಹಾಕಿದ್ದೇನೆ. ಇದು ಬಿದ್ದರೆ ಅವೆಲ್ಲ ಏನಾಗಬೇಕು?"

"ಇಬ್ಬರ ಮಾತು ಕೂಡಿತೇ ಇಲ್ಲವೇ, ಅಜ್ಜಾ?"

ಮುದುಕ ಕಣ್ಣು ಮುಚ್ಚಿ ಗಂಟು ಹಾಕಿದ.

"ಸತ್ತ ಗಂಡನ ಮರ್ಯಾದೆ ತೆಗೆದೆಯಲ್ಲೇ!" ಎಂದು ಗುಂಪಿನಿಂದ ಯಾರೋ ಕೂಗಿದರು. ಆ ಮಾತು ಅವಳಿಗೆ ಸರಿಯಾಗಿ ತಾಗಿತು. ಅದನ್ನೇ ಅವಳು ತನಗೆ ತಾನೇ ಎರಡು ತಿಂಗಳು ಹೇಳಿಕೊಂಡಿದ್ದಳು. ಜನ ತಮ್ಮ ತಮ್ಮ ಹಗ್ಗಗಳನ್ನು ಎದೆಗವುಚಿಕೊಂಡು, ಅವಳ ನೆರಳು ಸೋಕದಂತೆ ಸುತ್ತುಬಳಸಿ ಹೋದರು. ಉಳಿದ ಮೂರು ಗಂಟು ಹಾಕುವಾಗ ಕಟ್ಟೆಯ ಸುತ್ತ ಯಾರೂ ಇರಲಿಲ್ಲ. ಉಪ್ಪಿನವಳೂ ಬಂದ ದಾರಿಯಲ್ಲೇ ತಿರುಗಿ ನಡೆದಳು.

ಅಂದಿನಿಂದ ಅವಳ ಮನೆಗೆ ಹರಿದ ಹಾಯಿ ಬರುವುದು ನಿಂತಿತು. ಬೀದಿಯಲ್ಲಿ ಎದುರಾದವರು ಗೋಡೆ ನೋಡುತ್ತ ದಾಟಿದರು. ಬಾವಿಕಟ್ಟೆಯಲ್ಲಿ, ಅವಳ ಗಂಡನೇ ತೋಡಿದ ಬಾವಿಯ ಕಟ್ಟೆಯಲ್ಲಿ, ಅವಳು ಕೊಡ ಇಟ್ಟರೆ ಉಳಿದವರು ಕೊಡ ಎತ್ತಿಕೊಂಡರು. ಅವಳು ಅಳಲಿಲ್ಲ. ನೆರಳಿಗೆ ಹೋಗಿ ಕೂರುವುದನ್ನೂ ಬಿಟ್ಟಳು. ಹೋದರೆ ಎರಡೂ ಮಗ್ಗುಲಿನ ಸದ್ದು ಒಟ್ಟಿಗೇ ಕೇಳುತ್ತಿತ್ತು, ತಡೆಯಲಾಗುತ್ತಿರಲಿಲ್ಲ. ಆದರೂ ಗಂಡನ ಮುಖ ಮಾತ್ರ ಮೊದಲಿಗಿಂತ ನಿಚ್ಚಳವಾಗಿ ಕಾಣತೊಡಗಿತ್ತು. ಮೂವತ್ತು ವರ್ಷ ನಗುತ್ತ ಹಣ್ಣು ಸುಲಿಯುತ್ತಿದ್ದ ಆ ಮುಖದ ತುಟಿ ಬಿಳಿಚಿತ್ತೆಂಬುದು ಅವಳಿಗೆ ಈಗ ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಎದುರುಮನೆಯವಳು ಬೀದಿ ದಾಟಿ ಬಂದಳು. ಅವಳೂ ಅದೇ ಪಯಣದವಳು, ತನ್ನ ಅಕ್ಕನ ಜೊತೆ ಹೋಗಿದ್ದವಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ನನಗೂ ಕೂಗು ಕೇಳಿಸಿತ್ತು," ಎಂದಳು. "ಕಡಲಹಕ್ಕಿ ಅಂದುಕೊಂಡೆ. ಅಕ್ಕನಿಗೂ ಹಕ್ಕಿ ಅಂತಲೇ ಹೇಳಿದೆ. ಅವಳೂ ಹೌದು ಅಂದಳು. ಆಮೇಲೆ ಪ್ರತಿ ವರ್ಷ ಹಕ್ಕಿ ಅಂತಲೇ ಹೇಳಿದೆವು."

ಹಾಯಿ ಹೊಲಿಯುವವಳು ಮಣೆ ಸರಿಸಿ ಕೂರಲು ಹೇಳಿದಳು. ಅವಳು ಕೂರಲಿಲ್ಲ.

"ಅವನ ಹೆಸರೇನು?" ಎಂದು ಕೇಳಿದಳು.

ಹಾಯಿ ಹೊಲಿಯುವವಳು ಉತ್ತರಿಸಲು ಬಾಯಿ ತೆರೆದು, ಹಾಗೇ ನಿಂತಳು. ಕಟ್ಟೆಯ ಮೇಲೆ ನಿಂತು ಅಷ್ಟೆಲ್ಲ ಹೇಳಿದವಳು. ಒಬ್ಬ ಮನುಷ್ಯ ಅಂದಿದ್ದಳು. ಅವನ ಅಕ್ಕ ಅಂದಿದ್ದಳು. ಹೆಸರನ್ನು ಅವಳು ಕೇಳಿಯೇ ಇರಲಿಲ್ಲ. ಗಂಡನ ಮೇಲೆ ಬಂದಿದ್ದಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೆ ಬಂತು.

ಇಬ್ಬರೂ ಬಿಸಿಲಿನಲ್ಲೇ ಹೊರಟರು. ಗಡಿಕಲ್ಲಿನ ಹತ್ತಿರ ಎದುರುಮನೆಯವಳು ಒಂದು ಗಳಿಗೆ ತಡೆದಳು. ಸೆರಗು ಬಿಗಿದುಕೊಂಡು ದಾಟಿದಳು. ಉಪ್ಪಿನವಳು ಗದ್ದೆಯ ನಡುವೆ ಬಾಚುತ್ತಿದ್ದಳು. ಇಬ್ಬರು ಬರುವುದನ್ನು ಕಂಡು ಕೆಲಸ ನಿಲ್ಲಿಸಿದಳು.

"ಅಕ್ಕಾ," ಎಂದಳು ಹಾಯಿ ಹೊಲಿಯುವವಳು, "ನಿನ್ನ ತಮ್ಮನ ಹೆಸರು ಕೇಳಲು ಬಂದೆವು. ಅವತ್ತೇ ಕೇಳಬೇಕಿತ್ತು. ನಾನು ಕೇಳಲಿಲ್ಲ."

ಉಪ್ಪಿನವಳು ಕೈಯ ಉಪ್ಪನ್ನು ಸೀರೆಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಬೇರೊಬ್ಬರ ಕಿವಿಗೆ ಬೀಳುವಂತೆ ಆ ಹೆಸರು ಹೇಳಿ ಎಷ್ಟು ವರ್ಷವಾಗಿತ್ತೋ.

"ಹಮ್ಮಣ್ಣ," ಎಂದಳು.

ಆಮೇಲೆ ಬದುವಿನ ಮೇಲೆ ಕೂತಳು. ಅವರೂ ಅವಳ ಎಡಬಲಕ್ಕೆ ಕೂತರು. ಅವಳು ಅತ್ತಳು, ಅವರು ಸಮಾಧಾನ ಹೇಳಲು ಹೋಗಲಿಲ್ಲ. ಅಳು ಇಳಿದ ಮೇಲೆ ಹಾಯಿ ಹೊಲಿಯುವವಳು ಕೇಳಿದಳು:

"ನಿಮಗೂ ಮೂರು ದಿನದ ಪಯಣ ಇತ್ತಲ್ಲ ಅಕ್ಕಾ. ಹಮ್ಮಣ್ಣನಿಗೆ ಹಡಗು ಇಷ್ಟವಾಗಿತ್ತೇ?"

ಉಪ್ಪಿನವಳು ತಲೆಯೆತ್ತಿದಳು. ಆ ಪ್ರಶ್ನೆಯನ್ನು ಅವಳು ತನಗೆ ತಾನೂ ಕೇಳಿಕೊಂಡಿರಲಿಲ್ಲವೇನೋ. ಕಣ್ಣಿನ ಸುತ್ತ ಗೆರೆಗಳು ಮೂಡಿದವು.

"ಇಷ್ಟ ಅಂದರೆ? ಮೊದಲ ದಿನ ಅವನು ಊಟವನ್ನೇ ಮಾಡಲಿಲ್ಲ ಕಣೇ," ಎಂದಳು. "ಎಲೆ ಮುಂದೆ ಕೂತರೆ ಅಷ್ಟು ಹೊತ್ತು ಕಡಲು ನೋಡುವುದು ತಪ್ಪಿಹೋಗುತ್ತದೆ ಅಂತ."